ಶರತ್ಕಾಲದ ಕಾಗದದ ಕೆಲಸ

ಈ ಸ್ಮರಣ ಸಂಚಿಕೆಗೆ ನಾವೂ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯ ಉಪಾಧ್ಯಾಯಿನಿಯರು ಕೇಳಿದಾಗ, ಪರೀಕ್ಷೆಯ ಫಲಿತಾಂಶವನ್ನೋ ಹೊಸ ಕೊಠಡಿಗಳ ಲೆಕ್ಕವನ್ನೋ ಕುರಿತು ಬರೆಯುವುದೇ ಯುಕ್ತವೆಂದು ಮೊದಲು ಎಣಿಸಿದೆವು. ಆದರೆ ಅವೆಲ್ಲವೂ ವಾರ್ಷಿಕ ವರದಿಯಲ್ಲಿ ಹೇಗೂ ಬರುವುವು. ಇತ್ತೀಚಿನ ವರ್ಷಗಳಲ್ಲಿ ಶಾಲೆಯನ್ನು ಬಿಟ್ಟುಹೋದ ಹುಡುಗಿಯರು ಊರಿಗೆ ಬಂದಾಗ ನಮ್ಮನ್ನು ಕಾಣಲು ಬರುವುದುಂಟು. ಅವರು ಫಲಿತಾಂಶವನ್ನು ಕೇಳುವುದಿಲ್ಲ. ಹಿಂದಿನ ಪಡಸಾಲೆಯ ಕಡೆಗೆ ತಿರುಗಿ, ಮೂಗಿಗೆ ಸೆರಗು ಹಿಡಿದು, "ಆ ಗಡಿಗಿ ಇನ್ನೂ ಐತೇನ್ರೀ ಅಮ್ಮಾ?" ಎಂದು ಕೇಳುತ್ತಾರೆ. ಆದುದರಿಂದ ಆ ಗಡಿಗೆಯನ್ನೂ ಅದರಿಂದ ಹೊರಟ ಕೆಲಸವನ್ನೂ ಕುರಿತೇ ಬರೆಯುವೆವು.

ನಾವು ಓದಿದುದೂ ತರಬೇತಿಯನ್ನು ಹೊಂದಿದುದೂ ಮಿಷನ್ ಸಂಸ್ಥೆಗಳಲ್ಲಿಯೇ. ಅಲ್ಲಿ ಕೈಗೆಲಸಕ್ಕೆ ಗಣಿತದಷ್ಟೇ ಮರ್ಯಾದೆ ಇದ್ದಿತು. ಹೊಲಿಗೆ, ಕಸೂತಿ, ಕಾಗದದ ಹೂವು, ರಟ್ಟಿನ ಪೆಟ್ಟಿಗೆ ಇವುಗಳನ್ನು ಕಲಿಯದೆ ಯಾರೂ ಉಪಾಧ್ಯಾಯಿನಿಯಾಗಿ ಹೊರಬೀಳುತ್ತಿರಲಿಲ್ಲ. ಅಲ್ಲಿಯ ಕಪಾಟಿನಲ್ಲಿ ಪರದೇಶದಿಂದ ಬಂದ ಚಿತ್ರಪುಸ್ತಕಗಳಿದ್ದುವು. ಒಂದೊಂದು ಋತುವಿಗೆ ಒಂದೊಂದು ಪುಸ್ತಕ. ಶರತ್ಕಾಲದ ಪುಸ್ತಕವೆಲ್ಲ ಕೆಂಪು, ಕಿತ್ತಳೆ, ಕಂದು ಎಲೆಗಳಿಂದ ತುಂಬಿರುತ್ತಿದ್ದಿತು. ಐದು ಬೆರಳು ಚಾಚಿದ ಹಸ್ತದಂತಿರುವ ಆ ಮೇಪಲ್ ಎಲೆಯನ್ನು ನಾವು ಎಷ್ಟು ಸಲ ಕತ್ತರಿಸಿರುವೆವೋ ಲೆಕ್ಕವಿಲ್ಲ. ೨೦೧೯ರ ಅಕ್ಟೋಬರಿನಲ್ಲಿ ಎಂಟನೆಯ ತರಗತಿಗೆ ಅದನ್ನೇ ಕಲಿಸಲು ಹೊರಟೆವು. ಅಂಗಡಿಯಿಂದ ಬಣ್ಣದ ಕಾಗದವನ್ನು ತರಿಸಿ, ರಟ್ಟಿನ ಮಾದರಿಯನ್ನು ಕೊಟ್ಟು, ಎಲ್ಲರೂ ಕತ್ತರಿಸತಕ್ಕದ್ದೆಂದು ಹೇಳಿದೆವು. ಹುಡುಗಿಯರು ಶ್ರದ್ಧೆಯಿಂದ ಕತ್ತರಿಸಿದರು. ಕೊನೆಯ ಸಾಲಿನಲ್ಲಿದ್ದ ಕೊಟ್ಟೂರಿನ ಕಡೆಯವಳೊಬ್ಬಳು ಎದ್ದು ನಿಂತು, "ಅಮ್ಮಾ, ಇದು ಯಾವ ಗಿಡದ ಎಲಿರೀ?" ಎಂದು ಕೇಳಿದಳು. ಹೇಳಿದೆವು. "ನೀವು ನೋಡೀರೇನ್ರೀ?" ಎಂದು ಮತ್ತೆ ಕೇಳಿದಳು. ನಾವು ನೋಡಿರಲಿಲ್ಲ. ಇಪ್ಪತ್ತು ವರ್ಷ ಕತ್ತರಿಸಿಯೂ ನೋಡಿರಲಿಲ್ಲ.

ಕಿಟಕಿಯ ಹೊರಗೆ ಆಗ ಶರತ್ಕಾಲವೇ ನಡೆದಿದ್ದಿತು. ಆದರೆ ಎಲೆ ಯಾವುದೂ ಕೆಂಪಾಗಿರಲಿಲ್ಲ. ಶೀತದೇಶಗಳಲ್ಲಿ ಹಗಲು ಕುಗ್ಗಿ ಚಳಿ ತಲೆದೋರಿದಾಗ ಎಲೆಯೊಳಗಿನ ಹಸಿರು ದ್ರವ್ಯವು ಒಡೆದುಹೋಗುವುದು. ಅದರಡಿಯಲ್ಲಿ ಮೊದಲಿನಿಂದಲೂ ಮರೆಯಾಗಿದ್ದ ಹಳದಿಯು ಆಗ ಕಾಣಿಸಿಕೊಳ್ಳುವುದು. ಕೆಂಪು ಮಾತ್ರ ಆ ಕಾಲದಲ್ಲಿ ಹೊಸದಾಗಿ ಉಂಟಾಗುವುದು. ನಮ್ಮ ಕೂಡ್ಲಿಗಿ, ಹರಪನಹಳ್ಳಿಯ ಕುರುಚಲು ಕಾಡಿನ ಮರಗಳಾದರೋ ಮಳೆಯ ನೀರನ್ನು ಕುಡಿದು ಆಶ್ವೀಜ ಕಾರ್ತೀಕಗಳಲ್ಲಿ ದಟ್ಟವಾಗಿ ಹಸಿರಾಗಿ ನಿಂತು, ಮಾಘ ಫಾಲ್ಗುಣಗಳಲ್ಲಿ ನೆಲ ಒಣಗಿದ ಮೇಲೆ ಎಲೆ ಉದುರಿಸುತ್ತವೆ. ನಮ್ಮ ಅಂಗಳದ ಕಾಡುಬಾದಾಮಿಯೊಂದೇ ತನಗೆ ತೋಚಿದಾಗ ಎಲೆಗಳನ್ನು ಕೆಂಪಾಗಿಸಿಕೊಂಡು ಉದುರಿಸಿ, ಗುಡಿಸುವವಳಿಂದ ಬೈಸಿಕೊಳ್ಳುತ್ತದೆ. ಹಾಗಾದರೆ ಈ ಸೀಮೆಯ ಶರತ್ಕಾಲದ ಬಣ್ಣ ಯಾವುದು? ನಾಳೆ ಪ್ರತಿಯೊಬ್ಬಳೂ ತನ್ನೂರಿನಿಂದ ಈ ತಿಂಗಳಿನ ಒಂದು ಬಣ್ಣವನ್ನು ತರತಕ್ಕದ್ದೆಂದು ಹೇಳಿ ತರಗತಿಯನ್ನು ಬಿಟ್ಟೆವು. ಆ ಮಾತನ್ನು ಹೇಳಿದುದು ಉತ್ತರ ತಿಳಿದು ಅಲ್ಲ; ಗಂಟೆ ಹೊಡೆದುದರಿಂದ.

ಮರುದಿನ ಮೇಜಿನ ಮೇಲೆ ಬಿದ್ದುದನ್ನು ಹೇಳಬೇಕು. ಹರಪನಹಳ್ಳಿಯ ಹುಡುಗಿಯರು ಕೆಂಪು ಈರುಳ್ಳಿಯ ಸಿಪ್ಪೆಯನ್ನು ಚೀಲದಲ್ಲಿ ತುಂಬಿ ತಂದಿದ್ದರು. ಕೂಡ್ಲಿಗಿಯವರು ಆಗತಾನೆ ಕಿತ್ತ ಶೇಂಗಾಬಳ್ಳಿಯನ್ನು ಬೇರಿನ ಕೆಂಪು ಮಣ್ಣಿನೊಡನೆ ಹಾಗೆಯೇ ತಂದಿದ್ದರು. ಹಗರಿಬೊಮ್ಮನಹಳ್ಳಿಯವಳು ಅಂಕಸಮುದ್ರದ ಕೆರೆಯಂಚಿನಿಂದ ಒಂದು ಗರಿಯನ್ನು ಹೆಕ್ಕಿ ತಂದಿದ್ದಳು. ಬಣ್ಣದ ಕೊಕ್ಕರೆಗಳು ಕರಿಜಾಲಿ ಮರಗಳ ಮೇಲೆ ಗೂಡುಕಟ್ಟುವ ಈ ಕೆರೆಯು ೨೦೨೪ರಲ್ಲಿ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿತು. ಆಗಿನ್ನೂ ಅದು ನಮ್ಮ ಹುಡುಗಿಯರಿಗೆ ಎಮ್ಮೆ ಮೈತೊಳೆಯುವ ಕೆರೆಯಾಗಿಯೇ ಇದ್ದಿತು. ಹಡಗಲಿಯವಳು ಬರಿಗೈಯಲ್ಲಿ ಬಂದು, "ನಮ್ಮೂರಾಗ ಮಲ್ಲಿಗೀರೀ, ಅದಕ್ಕೆ ಬಣ್ಣಾನೇ ಇಲ್ಲ" ಎಂದು ಅತ್ತುಬಿಟ್ಟಳು. ಇವೆಲ್ಲಕ್ಕಿಂತ ಮೊದಲು ನಮ್ಮ ಅಂಗಳದಲ್ಲಿಯೇ ಪಾರಿಜಾತವು ಬೆಳಗಿನ ಹೊತ್ತು ಹಾಸಿಬಿದ್ದಿದ್ದಿತು; ಅದರ ಬಿಳಿಯ ದಳಗಳ ಕೆಳಗಿನ ಕಿತ್ತಳೆ ತೊಟ್ಟನ್ನು ಬೇರ್ಪಡಿಸಿ ಕುದಿಸಿದರೆ ಬಟ್ಟೆಗೆ ಕಾವಿಯ ಛಾಯೆ ಬರುವುದೆಂಬುದು ನಮ್ಮ ಅಡಿಗೆಯವಳಿಗೆ ಗೊತ್ತಿದ್ದಿತು, ನಮಗೆ ಗೊತ್ತಿರಲಿಲ್ಲ.

ಹೀಗೆ ಕೆಲಸವು ಆರಂಭವಾಯಿತು. ೨೦೨೦ರಲ್ಲಿ ಸಾಂಕ್ರಾಮಿಕದ ದೆಸೆಯಿಂದ ಶಾಲೆ ಮುಚ್ಚಿದ್ದು ಎಲ್ಲರಿಗೂ ನೆನಪಿರುವುದಷ್ಟೆ. ಮರುವರ್ಷ ಮಕ್ಕಳು ಮರಳಿದ ಮೇಲೆ ಅದು ಪ್ರತಿ ಶರತ್ತಿನಲ್ಲಿಯೂ ನಡೆದುಬಂದಿದೆ.

ಮೊದಲು ಅಚ್ಚುಗಳ ವಿಷಯ. "ಸ್ಟಾಂಪು ತನ್ನಿರಿ" ಎಂದು ನಾವು ಹೇಳಿದಾಗ ಒಬ್ಬ ಹುಡುಗಿಯು ತನ್ನ ತಾತನ ಹಳೆಯ ಕಾಗದಗಳಿಂದ ಬಿಡಿಸಿದ ಅಂಚೆಚೀಟಿಗಳನ್ನು ಒಂದು ಡಬ್ಬಿಯ ತುಂಬ ತಂದಳು. ಅಂದಿನಿಂದ ನಮ್ಮಲ್ಲಿ ಅಚ್ಚು ಎಂಬ ಮಾತೇ ಬಳಕೆಯಲ್ಲಿದೆ. (ಆ ಚೀಟಿಗಳು ನಮ್ಮ ಆಲ್ಬಮ್ಮಿನ ಮೊದಲನೆಯ ಪುಟದಲ್ಲಿವೆ, ನೋಡಬಯಸುವವರು ನೋಡಬಹುದು.) ಬೆಂಡೆಕಾಯನ್ನು ಅಡ್ಡ ಕೊಯ್ದು ಒತ್ತಿದರೆ ಐದು ದಳದ ಹೂವು. ಈರುಳ್ಳಿಯನ್ನು ಕೊಯ್ದು ಒತ್ತಿದರೆ ಒಂದರೊಳಗೊಂದು ಉಂಗುರ. ಬಾಳೆಯ ದಿಂಡಿನಲ್ಲಿ ಜೇನುಹುಟ್ಟಿನ ಕಣ್ಣುಗಳು. ಶೇಂಗಾದ ಸಿಪ್ಪೆಯನ್ನು ಬಣ್ಣದಲ್ಲಿ ಅದ್ದಿ ಉರುಳಿಸಿದರೆ ಬಲೆಯ ನೇಯ್ಗೆ. ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡನ್ನು ಉರುಳಿಸಿದರೆ ಸೀರೆಯಂಚಿನಂತಹ ಸಾಲು. ಆದರೆ ಇವು ಎರಡು ದಿನದಲ್ಲಿ ಬಾಡಿಹೋಗುವ ಅಚ್ಚುಗಳು. ಬಾಳಿಕೆ ಬರುವ ಅಚ್ಚು ಬೇಕಾದರೆ ಹಳೆಯ ಹವಾಯಿ ಚಪ್ಪಲಿಯ ಅಟ್ಟೆಯನ್ನೋ ಸೈಕಲ್ಲಿನ ಟ್ಯೂಬನ್ನೋ ಬೇಕಾದ ಆಕಾರಕ್ಕೆ ಕತ್ತರಿಸಿ ಮರದ ತುಂಡಿಗೆ ಅಂಟಿಸಬೇಕು. ಅಟ್ಟೆಯೇ ಮೇಲು: ಅದು ಬಣ್ಣವನ್ನು ಹಿತವಾಗಿ ಹೀರಿ ಹಿತವಾಗಿಯೇ ಬಿಡುತ್ತದೆ. ಟ್ಯೂಬಿನ ರಬ್ಬರು ಬಣ್ಣವನ್ನು ಹನಿಹನಿಯಾಗಿ ತಳ್ಳಿಬಿಡುತ್ತದೆ.

ಮಲ್ಲಿಗೆಯ ಹುಡುಗಿಯ ಕಣ್ಣೀರಿಗೂ ಉಪಾಯ ಸಿಕ್ಕಿತು. ಮೇಣದ ಬತ್ತಿಯಿಂದ ಬಿಳಿಯ ಕಾಗದದ ಮೇಲೆ ಮೊಗ್ಗುಗಳನ್ನು ಬರೆದು ಮೇಲೆ ಈರುಳ್ಳಿಸಿಪ್ಪೆಯ ಬಣ್ಣವನ್ನು ಸವರಿದೆವು. ಮೇಣವಿದ್ದಲ್ಲಿ ಬಣ್ಣ ನಿಲ್ಲದೆ ಹೊಂಬಣ್ಣದ ನಡುವೆ ಮೊಗ್ಗುಗಳು ಬೆಳ್ಳಗೆ ಉಳಿದುವು. ಭೂಸೂಚಿಕೆಯ ಮನ್ನಣೆ ಪಡೆದ ಹಡಗಲಿ ಮಲ್ಲಿಗೆಯು ನಮ್ಮ ಕಾಗದದ ಮೇಲೆ ಬಂದುದು ಹೀಗೆ, ಬಣ್ಣ ಹಚ್ಚದೆ.

ಬಣ್ಣಗಳಲ್ಲಿ ಹುಡುಗಿಯರಿಗೆ ಪರಮಪ್ರಿಯವಾದುದು ಅರಿಸಿನದ ಕಾಗದ. ಅರಿಸಿನದ ನೀರನ್ನು ಬಳಿದು ಒಣಗಿಸಿದ ಕಾಗದದ ಮೇಲೆ ಸುಣ್ಣದ ತಿಳಿನೀರಿನಲ್ಲಿ ಅದ್ದಿದ ಕಡ್ಡಿಯಿಂದ ಗೆರೆ ಎಳೆದರೆ ಗೆರೆಯು ಕಣ್ಣೆದುರಿಗೇ ಕೆಂಪಾಗುವುದು. ನಿಂಬೆಯ ರಸ ತಗುಲಿದರೆ ಮತ್ತೆ ಹಳದಿಗೆ ತಿರುಗುವುದು. ಕುಂಕುಮವನ್ನು ಮಾಡುವ ಕ್ರಮವೂ ಇದೇ ಅಲ್ಲವೆ? ಕೆಂಪು ದಾಸವಾಳದ ದಳವನ್ನು ಉಜ್ಜಿದ ಕಾಗದವು ನಿಂಬೆಗೆ ನಸುಗೆಂಪಾಗಿಯೂ ಸಾಬೂನಿನ ನೀರಿಗೆ ಹಸಿರಾಗಿಯೂ ತೋರುವುದು. ವಿಜ್ಞಾನದ ಉಪಾಧ್ಯಾಯಿನಿಯು ಆಮ್ಲ ಪ್ರತ್ಯಾಮ್ಲಗಳ ಪಾಠವನ್ನು ಈಗ ನಮ್ಮ ಪಡಸಾಲೆಯಲ್ಲಿಯೇ ಮಾಡುತ್ತಾರೆ. ತಮ್ಮ ಲಿಟ್ಮಸ್ ಕಾಗದದ ಖರ್ಚು ಉಳಿಯಿತೆಂದು ಅವರಿಗೆ ಸಂತೋಷ. ಎಳೆಯ ತೇಗದ ಎಲೆಯನ್ನು ಎರಡು ಕಾಗದಗಳ ನಡುವೆ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ಬಡಿದರೆ ಎಲೆಯ ನರನರವೂ ಕೆಂಪಾಗಿ ಮೂಡುವುದು. ಹುಡುಗಿಯರು ಇದನ್ನು ಮೊದಲೇ ಬಲ್ಲರು; ಮದರಂಗಿ ಸಿಗದಾಗ ಅಂಗೈಗೆ ಅದನ್ನೇ ಉಜ್ಜಿಕೊಳ್ಳುವುದುಂಟು. ವಿಜಯದಶಮಿಗೆ ಬನ್ನಿಯ ಎಲೆಯನ್ನು ಹೀಗೆಯೇ ಬಡಿದು ಮೂಡಿಸಿ ಮನೆಯವರಿಗೆ ಕಾರ್ಡು ಮಾಡಿಕೊಂಡೊಯ್ಯುತ್ತಾರೆ; ಅದರ ಕಿರಿಯ ಎಲೆಗಳಿಗೆ ಸುತ್ತಿಗೆಯ ಪೆಟ್ಟು ಎಷ್ಟು ಮೆಲ್ಲಗಾದರೂ ಸಾಲದು.

ಇನ್ನು ಗಡಿಗೆ. ತುಕ್ಕು ಹಿಡಿದ ಮೊಳೆ, ಎತ್ತಿನ ಲಾಳ, ಮುರಿದ ಕುಡುಗೋಲು ಇವುಗಳನ್ನು ಮಣ್ಣಿನ ಗಡಿಗೆಯಲ್ಲಿ ಹಾಕಿ, ಬೆಲ್ಲವನ್ನೂ ನೀರನ್ನೂ ಸೇರಿಸಿ, ಬಾಯಿಗೆ ಬಟ್ಟೆ ಕಟ್ಟಿ ಹದಿನೈದು ಇಪ್ಪತ್ತು ದಿನ ಇಡಬೇಕು. ಅದು ನೊರೆಯೆದ್ದು ಹುಳಿಯುವುದು. ವಾಸನೆಯ ವಿಷಯವನ್ನು ಬರೆಯದಿರುವುದೇ ಒಳ್ಳೆಯದು. ಶ್ರೀಕಾಳಹಸ್ತಿಯ ಕಲಂಕಾರಿಯವರು ಬಟ್ಟೆಯ ಮೇಲೆ ಕಪ್ಪು ಗೆರೆ ಬರೆಯುವುದು ಈ ನೀರಿನಿಂದಲೇ. ಅವರು ಬಟ್ಟೆಯನ್ನು ಅಣಲೆಕಾಯಿಯ ಕಷಾಯದಲ್ಲಿ ಮೊದಲು ಅದ್ದಿಕೊಳ್ಳುತ್ತಾರೆ. ನಾವು ಈ ಸೀಮೆಯಲ್ಲಿ ಬೇಕಾದಷ್ಟು ದೊರೆಯುವ ಜಾಲಿಕಾಯನ್ನು ಬೇಸಿಗೆಯಲ್ಲಿ ಒಣಗಿಸಿಟ್ಟುಕೊಂಡು ಅದರ ಕಷಾಯವನ್ನು ಕಾಗದಕ್ಕೆ ಬಳಿಯುತ್ತೇವೆ. ಅಂತಹ ಕಾಗದದ ಮೇಲೆ ಗಡಿಗೆಯ ನೀರನ್ನು ಅಚ್ಚಿನಿಂದ ಒತ್ತಿದರೆ, ಒತ್ತಿದ ಕ್ಷಣದಲ್ಲಿ ಒದ್ದೆಯ ಗುರುತಷ್ಟೇ ಕಾಣುವುದು. ಹುಡುಗಿಯರು ಉಸಿರು ಹಿಡಿದು ನೋಡುತ್ತಿರುವಂತೆಯೇ ಗುರುತು ಬೂದಿಬಣ್ಣವಾಗಿ, ಬಳಿಕ ಕಪ್ಪಾಗಿ ನಿಲ್ಲುವುದು. ಕಬ್ಬಿಣವೂ ಜಾಲಿಯ ಒಗರೂ ಕಾಗದದ ಮೈಯಲ್ಲಿ ಕೂಡಿ ಆಗುವ ಬಣ್ಣವಿದು. ಹಿಂದಿನವರ ಮಸಿಗಳಲ್ಲಿ ಕೆಲವು ಇದೇ ಜಾತಿಯವು.

ಇಲ್ಲಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ೨೦೨೧ರಲ್ಲಿ ಗಡಿಗೆಯು ಹುಳಿಯುವವರೆಗೆ ಕಾಯುವ ತಾಳ್ಮೆ ನಮಗಿರಲಿಲ್ಲ; ಸುಗ್ಗಿಯ ಹಬ್ಬದ ಮಾರಾಟಕ್ಕೆ ಕಾರ್ಡುಗಳು ಬೇಕಾಗಿದ್ದುವು. ಅಂಗಡಿಯಿಂದ ಅನ್ನಭೇದಿಯನ್ನು ತರಿಸಿ ಧಾರಾಳವಾಗಿ ಕರಗಿಸಿದೆವು. ಕಪ್ಪು ತಕ್ಷಣವೇ ಬಂದಿತು, ಕಾಡಿಗೆಯಂತಹ ಕಪ್ಪು. ಎಲ್ಲರೂ ಹೊಗಳಿದರು, ನಾವೂ ಉಬ್ಬಿದೆವು. ಮೂರು ವರ್ಷದ ಮೇಲೆ ಆಲ್ಬಮ್ಮನ್ನು ತೆರೆದಾಗ ಆ ವರ್ಷದ ಕಾರ್ಡುಗಳಲ್ಲಿ ಅಚ್ಚು ಬಿದ್ದಿದ್ದ ಕಡೆಯೆಲ್ಲ ಕಾಗದವು ಸುಟ್ಟಂತೆ ಕಂದಾಗಿ ಬೆರಳು ತಗುಲಿದರೆ ಉದುರುತ್ತಿದ್ದಿತು. ಅನ್ನಭೇದಿಯು ಒಗರಿನೊಡನೆ ಕೂಡಿದಾಗ ಹುಟ್ಟುವ ಆಮ್ಲವು ಕಾಗದವನ್ನು ತಿನ್ನುವುದೆಂದು ಆಗ ಓದಿ ತಿಳಿದುಕೊಂಡೆವು. ಯೂರೋಪಿನ ಗ್ರಂಥಾಲಯಗಳಲ್ಲಿ ಇದೇ ಕಾರಣದಿಂದ ಅಕ್ಷರದ ಜಾಡಿನಲ್ಲಿಯೇ ತೂತುಬಿದ್ದ ಹಳೆಯ ಹಸ್ತಪ್ರತಿಗಳು ಬಹಳವಿವೆಯಂತೆ. ಆ ವರ್ಷ ನಮ್ಮಿಂದ ಕಾರ್ಡುಗಳನ್ನು ಕೊಂಡ ಮಹನೀಯರು ಕ್ಷಮಿಸಬೇಕು.

ಬಣ್ಣದ ವಿಷಯವನ್ನು ಮುಗಿಸುವ ಮೊದಲು ಮೋಡಗಾಗದವನ್ನು ಹೇಳದೆ ಬಿಡಲಾರೆವು. ಮೆಂತ್ಯವನ್ನು ನೆನೆಸಿದ ಲೋಳೆನೀರನ್ನು ಅಗಲವಾದ ತಟ್ಟೆಯಲ್ಲಿ ಹರವಿ, ಮೇಲೆ ಬಣ್ಣದ ಹನಿಗಳನ್ನು ತೇಲಬಿಟ್ಟು, ಕಡ್ಡಿಯಿಂದ ಕದಡಿ, ಕಾಗದವನ್ನು ಮೆಲ್ಲನೆ ಮಲಗಿಸಿ ಎತ್ತಿದರೆ ಅಲೆಗಳೂ ಮೋಡಗಳೂ ಕಾಗದಕ್ಕೆ ಹತ್ತಿಕೊಂಡು ಬರುವುವು. ಪಾರಸಿಯಲ್ಲಿ ಇದಕ್ಕೆ ಅಬ್ರಿ ಎಂದು ಹೆಸರು. ಅಬ್ರ್ ಎಂದರೆ ಮೋಡ. ಹದಿನೇಳನೆಯ ಶತಮಾನದಲ್ಲಿ ನಮ್ಮ ವಿಜಾಪುರದ ಆದಿಲಶಾಹಿ ಆಸ್ಥಾನದ ಚಿತ್ರಕಾರರು ಈ ಮೋಡಗಾಗದದಿಂದಲೇ ಬಡಕಲು ಕುದುರೆ, ಫಕೀರರ ಚಿತ್ರಗಳನ್ನು ಮಾಡಿದರೆಂದು ಕಲಾಪಂಡಿತರು ಹೇಳುತ್ತಾರೆ. ಅವುಗಳಲ್ಲಿ ಹಲವು ಇಂದು ಪರದೇಶದ ವಸ್ತುಸಂಗ್ರಹಾಲಯಗಳಲ್ಲಿವೆ. ನಮ್ಮ ಹುಡುಗಿಯರು ಮಾಡಿದ ಮೊದಲ ಮೋಡಗಾಗದವು ಸಾರು ಚೆಲ್ಲಿದಂತಿದ್ದಿತು, ಇತ್ತೀಚೆಗೆ ಸುಧಾರಿಸಿದೆ.

ಇನ್ನು ೨೦೨೩ರ ಸಂಗತಿ. ಆ ವರ್ಷ ಕೂಡ್ಲಿಗಿ ತಾಲ್ಲೂಕಿನ ಒಂದು ಹಳ್ಳಿಯಿಂದ ಒಬ್ಬ ಹುಡುಗಿಯು ಎಂಟನೆಯ ತರಗತಿಗೆ ಸೇರಿದ್ದಳು. ಮಾತು ಕಡಿಮೆ. ಗಡಿಗೆಯ ನೀರು ತೆಳುವಾಗಿದ್ದುದರಿಂದ ಅಚ್ಚಿನ ಅಂಚುಗಳೆಲ್ಲ ಹರಡಿ, ಬೇವಿನ ಎಲೆಯು ಇಲಿಯಂತೆ ಕಾಣುತ್ತಿದ್ದಿತು. ಅಕ್ಕಿಯ ಗಂಜಿ, ಮೈದಾ ಎರಡನ್ನೂ ಬೆರೆಸಿ ನೋಡಿ ಸೋತಿದ್ದೆವು. ಒಂದು ಸೋಮವಾರ ಆಕೆಯು ಒಂದು ಲೋಟದಲ್ಲಿ ಏನೋ ತಂದು ಮೇಜಿನ ಮೇಲಿಟ್ಟು ತನ್ನ ಜಾಗಕ್ಕೆ ಹೋಗಿ ಕುಳಿತಳು. ಹುಣಸೆಬೀಜವನ್ನು ಹುರಿದು ಸಿಪ್ಪೆ ತೆಗೆದು, ನೆನೆಸಿ ಅರೆದು ಕಾಯಿಸಿದ ಗಂಜಿ. ಆಕೆಯ ಅಜ್ಜಿಯ ಮನೆಯಲ್ಲಿ ಕಂಬಳಿ ನೇಯುತ್ತಿದ್ದರಂತೆ. ಹಾಸಿನ ನೂಲಿಗೆ ಬಿಗುವು ಬರಲೆಂದು ಅದನ್ನೇ ಹಚ್ಚುವುದಂತೆ. ಗಡಿಗೆಯ ನೀರಿಗೆ ಅದನ್ನು ಬೆರೆಸಿ ಒತ್ತಿದಾಗ ಎಲೆಯ ಹಲ್ಲುಹಲ್ಲೂ ಕೊರೆದಂತೆ ನಿಂತಿತು. ಆಕೆಯ ಅಚ್ಚು ತನ್ನ ತಂದೆಯ ಸವೆದ ಚಪ್ಪಲಿಯಿಂದ ಕತ್ತರಿಸಿದ ಬೇವಿನ ಎಲೆ. ಆ ಶರತ್ತಿನಲ್ಲಿ ಎಲ್ಲರೂ ಅದನ್ನೇ ಎರವಲು ಕೇಳುತ್ತಿದ್ದರು.

ಅದು ಬರದ ವರ್ಷ. ರಾಜ್ಯದ ೨೩೬ ತಾಲ್ಲೂಕುಗಳ ಪೈಕಿ ೨೨೩ ಬರಪೀಡಿತವೆಂದು ಸರ್ಕಾರವು ಸಾರಿತು. ನಮ್ಮ ಸುತ್ತಿನ ಹೊಲಗಳಲ್ಲಿ ಶೇಂಗಾಬಳ್ಳಿಯನ್ನು ಕಿತ್ತರೆ ಕಾಯಿಲ್ಲದ ಬೇರು ಬರುತ್ತಿದ್ದಿತು. ಇಂತಹ ವರ್ಷಗಳಲ್ಲಿ ಈ ಸೀಮೆಯ ಜನರು ಗುಳೆ ಹೊರಡುವುದು ಹೊಸದಲ್ಲ: ಬೆಂಗಳೂರಿನ ಕಟ್ಟಡಗಳಿಗೆ, ಮಲೆನಾಡಿನ ಕಾಫಿ ತೋಟಗಳಿಗೆ, ಮಂಡ್ಯದ ಕಬ್ಬಿನ ಗದ್ದೆಗಳಿಗೆ. ದೀಪಾವಳಿಯ ರಜೆಗೆ ಎರಡು ದಿನ ಮೊದಲು ಆ ಹುಡುಗಿಯು ನಮ್ಮ ಕೊಠಡಿಯ ಬಾಗಿಲಲ್ಲಿ ನಿಂತು, ತನ್ನ ಅಚ್ಚನ್ನು ಮನೆಗೆ ಒಯ್ಯಬಹುದೇ ಎಂದು ಕೇಳಿದಳು. ನಾವು ಹಾಜರಿ ಪುಸ್ತಕವನ್ನು ನೋಡುತ್ತಿದ್ದವರು ತಲೆಯನ್ನೂ ಎತ್ತದೆ, "ಶಾಲೆಯ ಸಾಮಾನು ಶಾಲೆಯಲ್ಲಿಯೇ ಇರಲಮ್ಮಾ, ಮತ್ತೆ ಬಂದಾಗ ಇದ್ದೇ ಇರುತ್ತದೆ" ಎಂದೆವು. ಅದು ಶಾಲೆಯ ಸಾಮಾನಾಗಿರಲಿಲ್ಲ. ಆಕೆಯ ತಂದೆಯ ಚಪ್ಪಲಿಯಾಗಿದ್ದಿತು. ಏಕೆ ಕೇಳುತ್ತಿರುವಳೆಂದು ವಿಚಾರಿಸುವ ಬುದ್ಧಿ ಆ ಹೊತ್ತು ನಮಗೆ ಬರಲಿಲ್ಲ.

ರಜೆ ಕಳೆದ ಮೇಲೆ ಐವರು ಹುಡುಗಿಯರು ಬರಲಿಲ್ಲ. ಮನೆಗಳಿಗೆ ಹೋಗಿ ನೋಡಿದೆವು. ಬೀಗ, ಇಲ್ಲವೆ ಮುದುಕರು. ಫೋನುಗಳು ಸ್ವಿಚ್ ಆಫ್. ಈ ಹುಡುಗಿಯ ಅಜ್ಜಿಯು ಕಟ್ಟೆಯ ಮೇಲೆ ಕುಳಿತು, "ತಮ್ಮನ್ನ ಹಿಡಕಳ್ಳಾಕ ಯಾರರ ಬೇಕಲ್ರೀ ಅಮ್ಮಾರೆ" ಎಂದಳು. ಅಪ್ಪ ಅವ್ವ ಇಬ್ಬರೂ ಕಟ್ಟಡದ ಮೇಲೆ ಕೆಲಸಕ್ಕೆ ಹತ್ತಿದರೆ ಕೂಸನ್ನು ಕೆಳಗೆ ನೋಡಿಕೊಳ್ಳುವವರು ಬೇಕಷ್ಟೆ. ಅಜ್ಜಿಯ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಐವರಿಗೂ ಒಂದೊಂದು ಕಾರ್ಡು ಬರೆಯುವುದೆಂದು ನಿಶ್ಚಯಿಸಿದೆವು. ಆಯಾ ಹುಡುಗಿಯ ಅಚ್ಚನ್ನೇ ಆಯಾ ಕಾರ್ಡಿನ ಮೇಲೆ ಒತ್ತಿ, ಹಾಸ್ಟೆಲಿನಲ್ಲಿ ಜಾಗವಿದೆ, ಪರೀಕ್ಷೆಗೆ ಕಾಲವಿದೆ ಎಂದು ಎರಡು ಸಾಲು ಬರೆದೆವು. ಮೇಸ್ತ್ರಿಗಳಿಂದ, ನೆಂಟರಿಂದ ಸಿಕ್ಕ ವಿಳಾಸಗಳನ್ನು ತರಗತಿಯವರೇ ಬರೆದರು. ಕಳುಹಿಸುವವರ ವಿಳಾಸವನ್ನು ಬರೆಯುವಲ್ಲಿ ದೊಡ್ಡ ಜಗಳವೇ ಆಯಿತು, ಏಕೆಂದರೆ ಹರಪನಹಳ್ಳಿಯು ೧೯೯೭ರಲ್ಲಿ ದಾವಣಗೆರೆಗೆ ಸೇರಿ, ೨೦೧೮ರಲ್ಲಿ ಬಳ್ಳಾರಿಗೆ ಮರಳಿ, ೨೦೨೧ರಲ್ಲಿ ಮಿಕ್ಕವುಗಳೊಡನೆ ವಿಜಯನಗರ ಜಿಲ್ಲೆಗೆ ಬಂದಿದ್ದುದರಿಂದ ಅಲ್ಲಿಯ ಹುಡುಗಿಯರಿಗೆ ಜಿಲ್ಲೆಯ ಹೆಸರಿನ ಮೇಲೆ ಭರವಸೆಯೇ ಇಲ್ಲ.

ಎರಡು ಕಾರ್ಡುಗಳು ವಿಳಾಸದಾರರು ಇಲ್ಲವೆಂಬ ಷರಾದೊಡನೆ ಹಿಂದಿರುಗಿದುವು. ಆ ಇಬ್ಬರು ಇಂದಿನವರೆಗೂ ಬಂದಿಲ್ಲ. ಅವರ ಕಾರ್ಡುಗಳು ನಮ್ಮ ಮೇಜಿನ ಸೆಳೆಖಾನೆಯಲ್ಲಿವೆ. ಇನ್ನಿಬ್ಬರು ಜೂನಿನಲ್ಲಿ, ಒಂದು ವರ್ಷವನ್ನು ಕಳೆದುಕೊಂಡು ಬಂದರು. ಬೇವಿನ ಎಲೆಯ ಹುಡುಗಿಯು ಸಂಕ್ರಾಂತಿ ಕಳೆದ ವಾರದಲ್ಲಿ ತನ್ನ ತಂದೆಯೊಡನೆ ಬಂದಳು. ತಂದೆಯು ಕಾರ್ಡನ್ನು ಜೇಬಿನಿಂದ ತೆಗೆದು ತೋರಿಸಿ, "ಇದು ಬಂದ ಮ್ಯಾಲೆ ಊಟಾನೇ ಸರಿಯಾಗಿ ಮಾಡ್ಲಿಲ್ರೀ ಅಮ್ಮಾರೆ. ಸಣ್ಣಾವನ್ನ ಅಜ್ಜಿ ಹತ್ರ ಬಿಟ್ಟು ಹೊಂಟೀನಿ" ಎಂದನು. ಮುಪ್ಪಿನಲ್ಲಿ ಕೂಸಿನ ಭಾರವು ಅಜ್ಜಿಯ ಮೇಲೆ ಬಿದ್ದಿತು. ಇದನ್ನು ನಾವು ಮರೆತಿಲ್ಲ. ಹುಡುಗಿಯು ಬಹಳ ಹೊತ್ತು ಸುಮ್ಮನೆ ನಿಂತಿದ್ದು, "ನನ್ನ ಅಚ್ಚು ಯಾರು ಒತ್ತಿದ್ರೀ ಅಮ್ಮಾ?" ಎಂದು ಕೇಳಿದಳು. ನಾವೇ ಎಂದೆವು. "ತೊಟ್ಟು ಮ್ಯಾಲ ಆಗೇತ್ರೀ" ಎಂದಳು. ನೋಡಿದರೆ ನಿಜ, ತಲೆಕೆಳಗಾಗಿ ಒತ್ತಿದ್ದೆವು.

ಈಗ ಆಕೆಯು ಹಾಸ್ಟೆಲಿನಲ್ಲಿದ್ದು ಹತ್ತನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಎಂಟನೆಯ ತರಗತಿಯವರಿಗೆ ಹುಣಸೆಬೀಜದ ಗಂಜಿಯನ್ನು ಕಾಯಿಸಲು ಕಲಿಸುವವಳು ಅವಳೇ. ತಂದೆತಾಯಿಗಳು ಈ ಸಲವೂ ಬೆಂಗಳೂರಿಗೆ ಹೋಗಿದ್ದಾರೆ; ತಿಂಗಳಿಗೊಂದು ಕಾರ್ಡು ಅವರಿಗೆ ಹೋಗುತ್ತದೆ. ಅಚ್ಚಿನ ಒಂದು ಮೂಲೆ ಮುರಿದಿದೆ. ಹೊಸದನ್ನು ಕತ್ತರಿಸೆಂದರೆ ಒಪ್ಪುವುದಿಲ್ಲ. ಅಚ್ಚುಗಳನ್ನು ಮನೆಗೆ ಒಯ್ಯಬಾರದೆಂಬ ನಿಯಮವನ್ನು ನಾವು ತೆಗೆದುಹಾಕಿದ್ದೇವೆ.

ಪಾರಿಜಾತದ ಬಣ್ಣವು ಬಿಸಿಲಿಗೆ ನಿಲ್ಲದಿರುವ ತೊಂದರೆಯು ಇನ್ನೂ ಬಗೆಹರಿದಿಲ್ಲ. ಅರಿಸಿನದ್ದೂ ಹಾಗೆಯೇ, ಕಿಟಕಿಯ ಬಳಿ ತೂಗಿಸಿದ ಕಾಗದಗಳು ಒಂದೆರಡು ವಾರದಲ್ಲಿ ಬಿಳುಚಿಕೊಳ್ಳುತ್ತವೆ. ಓದುಗರಲ್ಲಿ ಯಾರಿಗಾದರೂ ಉಪಾಯ ತಿಳಿದಿದ್ದರೆ ಬರೆದು ತಿಳಿಸಬೇಕು. ಶಾಲೆಯ ದಿನಾಚರಣೆಗೆ ಬರುವ ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ಗಡಿಗೆಗಾಗಿ ಹಳೆಯ ಮೊಳೆ, ಲಾಳ, ಕುಡುಗೋಲುಗಳನ್ನು ತಂದುಕೊಟ್ಟರೆ ಉಪಕಾರವಾಗುವುದು. ಕಳೆದ ಸಲ ಒಬ್ಬ ತಾಯಿಯವರು ಮರ್ಯಾದೆಗೆಂದು ಅವನ್ನೆಲ್ಲ ಹುಣಸೆಹಣ್ಣು ಹಚ್ಚಿ ಥಳಥಳನೆ ತಿಕ್ಕಿ ತಂದಿದ್ದರು. ದಯವಿಟ್ಟು ತುಕ್ಕನ್ನು ತೆಗೆಯದೆ ತರಬೇಕಾಗಿ ಕೋರುತ್ತೇವೆ.